ಸಕ್ಕರೆ ಕಾಯಿಲೆ ಬರಬಹುದಾ? ಟೇಪಿನಿಂದ ಅಳೆದು ನೋಡಿ

ಜೋಳದ ರೊಟ್ಟಿ ತಿನ್ನೋರಿಗೆ ಶುಗರ್ ಬರಲ್ಲ ಅಂತ ನಮ್ಮ ಬಾಗಲಕೋಟೆ ಕಡೆ ಇನ್ನೂ ಹೇಳುತ್ತಾರೆ. ಅದನ್ನು ನಂಬಿ ಸುಮ್ನೆ ಕೂರಬೇಡಿ. ಚೆನ್ನೈನ ತಜ್ಞರು ನಮ್ಮ ದೇಶದವರಿಗಾಗಿಯೇ ಒಂದು ಅಂಕಪಟ್ಟಿ ಮಾಡಿದ್ದಾರೆ. ರಕ್ತ ಕೊಡಬೇಕಿಲ್ಲ, ದರ್ಜಿಯ ಟೇಪ್ ಸಾಕು. ವಯಸ್ಸು, ಸೊಂಟದ ಸುತ್ತಳತೆ, ವ್ಯಾಯಾಮ, ತಂದೆ ತಾಯಿಗೆ ಶುಗರ್ ಇದೆಯಾ, ಇಷ್ಟೇ ಲೆಕ್ಕ.

ಇಡೀ ದಿನ ಅಂಗಡಿ ಗಲ್ಲಾದಲ್ಲಿ ಕೂರುವ 52 ವರ್ಷದ ಒಬ್ಬ ಗಂಡಸು ಅಂದುಕೊಳ್ಳಿ. ವಯಸ್ಸಿಗೆ 30, ಸೊಂಟ 96 ಸೆಂ.ಮೀ. ಇದ್ದರೆ 10, ವ್ಯಾಯಾಮ ಇಲ್ಲದ್ದಕ್ಕೆ 30, ತಾಯಿಗೆ ಶುಗರ್ ಇದ್ದರೆ 10. ಒಟ್ಟು 80. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಜಾಸ್ತಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೇ ಅಂಕ ಏರುತ್ತದೆ. ತೆಳ್ಳಗೆ ಕಾಣೋರಿಗೂ ಹೊಟ್ಟೆ ಇರುತ್ತದೆ, ಅಲ್ವಾ? ಪ್ಯಾಂಟಿನ ಸೈಜ್ ನೋಡಿ ಹೇಳಬೇಡಿ. ಉಸಿರು ಬಿಟ್ಟು, ಪಕ್ಕೆಲುಬಿನ ಕೆಳತುದಿ ಮತ್ತು ಸೊಂಟದ ಮೂಳೆಯ ನಡುವೆ ಬರಿಮೈ ಮೇಲೆ ಅಳೆಯಿರಿ.

ಅಂಕ ಜಾಸ್ತಿ ಬಂದರೆ ಶುಗರ್ ಬಂದೇಬಿಟ್ಟಿದೆ ಅಂತಲ್ಲ, ರಕ್ತ ಪರೀಕ್ಷೆ ಮಾಡಿಸಬೇಕು ಅಂತ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರಿಂದ 125 (ಮಿ.ಗ್ರಾಂ/ಡೆ.ಲೀ.) ಬಂದರೆ ಅದು ಶುಗರ್‌ನ ಮುಂಚಿನ ಹಂತ. ತಡೆಯಲು ಇದೇ ಒಳ್ಳೆಯ ಸಮಯ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್ ತಪಾಸಣೆ ಉಚಿತ. ಅಪ್ಪ ಅಮ್ಮನ ಜೊತೆ ನೀವೂ ಕೈ ಚಾಚಿ.