ಮೊದಲು ‘ಅವರು’, ಆಮೇಲೆ ಎಲ್ಲಿಯವರು: ಇಂಗ್ಲೆಂಡಿಗೆ ಹೊರಟ ಮಲೆನಾಡಿನವರಿಗೆ

ಅಡಿಕೆ ಕೊಯ್ಲಿನ ಹೊತ್ತಿಗೆ ನಾನು ಊರಿಗೆ ಬಂದರೆ, ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಕಡೆಯಿಂದ ಇಂಗ್ಲೆಂಡಿಗೆ ಹೊರಟ ಹುಡುಗ ಹುಡುಗಿಯರು ಮಾತಾಡಿಸಲು ಬರುತ್ತಾರೆ. ಚಳಿಗೆ ಯಾವ ಕೋಟು, ಅಕ್ಕಿ ಎಲ್ಲಿ ಸಿಗುತ್ತದೆ, ಅಪ್ಪೆಮಿಡಿ ಉಪ್ಪಿನಕಾಯಿ ಹೇಗೆ ಪ್ಯಾಕ್ ಮಾಡೋದು, ಇವೇ ಪ್ರಶ್ನೆಗಳು. ಇಂಗ್ಲಿಷ್ ಬಗ್ಗೆ ಯಾರೂ ಕೇಳುವುದಿಲ್ಲ. ಪರೀಕ್ಷೆ ಬರೆದು ಒಳ್ಳೆ ಮಾರ್ಕ್ಸ್ ತಗೊಂಡಿರುತ್ತಾರೆ, ಯಾಕೆ ಕೇಳಬೇಕು ಅಲ್ವಾ? ಆದರೆ ಅಲ್ಲಿಗೆ ಹೋದ ಮೇಲೆ ರೈಲಿನಲ್ಲಿ, ಕ್ಲಿನಿಕ್ಕಿನಲ್ಲಿ, ಅಂಗಡಿ ಕೌಂಟರಿನಲ್ಲಿ ಕೇಳಿದ ಮಾತು ಅರ್ಧಕ್ಕೇ ಕೈಬಿಡುತ್ತದೆ. ಎಲ್ಲರೂ ಉಚ್ಚಾರಣೆಯನ್ನು ಬೈಯುತ್ತಾರೆ. ನನ್ನ ಪ್ರಕಾರ ಅರ್ಧ ತಪ್ಪು ಪದಗಳು ಬರುವ ಸಾಲಿನದ್ದು.

ನಮ್ಮ ಮಾತನ್ನು ನೋಡಿ. ‘ಸಾಗರದವರು’, ‘ಮೇಲಿನ ಮನೆಯವರು’, ‘ಹಿಂದೆ ಕೂತಿರೋರು’. ಯಾವ ಊರು, ಯಾವ ಜಾಗ ಅನ್ನೋದೆಲ್ಲ ಮೊದಲು. ‘ಅವರು’ ಕೊನೆಗೆ. ಆ ‘ಅವರು’ ಬಂತು ಅಂದರೆ ವಿವರ ಮುಗೀತು. ಇಂಗ್ಲಿಷಿನಲ್ಲಿ ಪೂರ್ತಿ ಉಲ್ಟಾ. ‘ದೋಸ್ ಅಟ್ ದ ಬ್ಯಾಕ್’, ‘ಸಮ್‌ವನ್ ಅಪ್‌ಸ್ಟೇರ್ಸ್’, ‘ದ ವನ್ಸ್ ಫ್ರಮ್ ಸಾಗರ’. ಮೊದಲು ಖಾಲಿ ಸರ್ವನಾಮ, ಆಮೇಲೆ ಅದರೊಳಗೆ ತುಂಬುವ ಸರಕು. ನಮ್ಮ ಕಿವಿ ‘ಸಮ್‌ವನ್’ ಕೇಳಿದ ಕೂಡಲೇ ‘ಯಾರೋ’ ಅಂತ ತೀರ್ಮಾನ ಮಾಡಿ ಸುಮ್ಮನಾಗುತ್ತದೆ. ಯಾರು ಅನ್ನುವುದು ಅದಾದಮೇಲೆ ಬರುವ ಎರಡು ಮೂರು ಪದದಲ್ಲಿ ಇತ್ತು, ಅದು ಹೋಯಿತು.

ರೈಲಿನ ಉದಾಹರಣೆ ತಗೊಳ್ಳಿ. ಅಲ್ಲಿ ಕೆಲವು ಸಣ್ಣ ಸ್ಟೇಷನ್ನುಗಳಲ್ಲಿ ಪ್ಲಾಟ್‌ಫಾರ್ಮ್ ಗಿಡ್ಡ. ಹಿಂದಿನ ಬೋಗಿಗಳ ಬಾಗಿಲು ತೆರೆಯುವುದೇ ಇಲ್ಲ. ‘ದೋಸ್ ಇನ್ ದ ರಿಯರ್ ಟೂ ಕೋಚಸ್’ ಮುಂದಕ್ಕೆ ಬನ್ನಿ ಅಂತ ಗಾರ್ಡ್ ಹೇಳಿದರೆ, ‘ದೋಸ್’ ಯಾರು ಅಂತ ಹಿಡಿಯದವರು ಕೂತಲ್ಲೇ ಕೂತು ಮುಂದಿನ ಸ್ಟೇಷನ್ನಿಗೆ ಹೋಗುತ್ತಾರೆ. ತಾಳಗುಪ್ಪ ರೈಲಿನಲ್ಲಿ ಪ್ಲಾಟ್‌ಫಾರ್ಮ್ ಸಿಗದಿದ್ದರೂ ಹಾರಿ ಇಳಿದು ಅಭ್ಯಾಸ ಆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಬಾಗಿಲು ಡ್ರೈವರ್ ಅಥವಾ ಗಾರ್ಡ್ ಕೈಯಲ್ಲಿ ಇರುತ್ತದೆ ಮಾರಾಯ್ರೆ, ಹಾರುವ ಪ್ರಶ್ನೆಯೇ ಇಲ್ಲ.

ಇದಕ್ಕಿಂತ ಮುಖ್ಯ ಡಾಕ್ಟರ್ ಹತ್ತಿರದ ಮಾತು. ಮೊದಲ ಸಲ ಹೋದಾಗ ಮನೆಯವರ ಕಾಯಿಲೆ ಬಗ್ಗೆ ಕೇಳುತ್ತಾರೆ. ‘ಎನಿವನ್ ಇನ್ ಯುವರ್ ಫ್ಯಾಮಿಲಿ ವಿತ್ ಡಯಾಬಿಟಿಸ್?’ ಇಲ್ಲಿ ಒಂದೇ ಸರ್ವನಾಮ ಆದಮೇಲೆ ಎರಡು ಕಂತು: ‘ಇನ್ ಯುವರ್ ಫ್ಯಾಮಿಲಿ’, ‘ವಿತ್ ಡಯಾಬಿಟಿಸ್’. ಬೇಗ ಹೇಳುವಾಗ ‘ಈಸ್ ದೇರ್’ ಅನ್ನುವುದನ್ನೂ ನುಂಗಿಬಿಡುತ್ತಾರೆ, ವಾಕ್ಯದಲ್ಲಿ ಕ್ರಿಯಾಪದವೇ ಕಾಣುವುದಿಲ್ಲ. ‘ಎನಿವನ್’ ಹತ್ತಿರ ನಿಂತವರು ‘ಯಾರಾದರೂ ಜೊತೆಗೆ ಬಂದಿದ್ದಾರಾ’ ಅಂತ ಊಹಿಸಿ ‘ನೋ, ಐ ಕೇಮ್ ಅಲೋನ್’ ಅಂದರೆ, ಫೈಲಿನಲ್ಲಿ ಸಕ್ಕರೆ ಕಾಯಿಲೆ ಇಲ್ಲ ಅಂತ ಬರೆದುಕೊಳ್ಳಬಹುದು. ಜೊತೆಗೆ ಬಂದಿದ್ದಾರಾ ಅನ್ನುವ ಪ್ರಶ್ನೆ ಬೇರೆಯೇ ಇದೆ: ‘ಈಸ್ ದೇರ್ ಸಮ್‌ವನ್ ವಿತ್ ಯು?’ ಎರಡರಲ್ಲೂ ‘ವಿತ್’ ಇದೆ. ಅದರ ಮುಂದಿನ ಪದ ಕೇಳುವ ತನಕ ಉತ್ತರ ಕೊಡಬೇಡಿ. ಅರ್ಥ ಆಗದಿದ್ದರೆ ‘ಸಾರಿ, ಎನಿವನ್ ವಿತ್ ವಾಟ್?’ ಅಂತ ಕೇಳಿ. ಅದರಲ್ಲಿ ನಾಚಿಕೆ ಎಂತದೂ ಇಲ್ಲ.

ಆಫೀಸಿನಲ್ಲಿ ಸೋಮವಾರ ‘ಹೌ ಈಸ್ ಎವ್ರಿವನ್ ಬ್ಯಾಕ್ ಹೋಮ್?’ ಅನ್ನುತ್ತಾರೆ. ಎಲ್ಲರೂ ಮನೆಗೆ ವಾಪಸ್ ಬಂದರಾ ಅಂತಲ್ಲ. ‘ಬ್ಯಾಕ್ ಹೋಮ್’ ಅನ್ನುವುದು ‘ಎವ್ರಿವನ್’ಗೆ ಅಂಟಿದ ವಿವರ. ನಮ್ಮ ‘ಊರಲ್ಲಿರೋರು’ ಅನ್ನುವ ಹಾಗೆ. ‘ಎವ್ರಿವನ್ ಹಿಯರ್’, ‘ನೋಬಡಿ ಔಟ್‌ಸೈಡ್’, ‘ಎನಿಥಿಂಗ್ ನಿಯರ್‌ಬೈ’ ಎಲ್ಲ ಇದೇ ಜಾತಿ.

ಇನ್ನು ನಾವು ಮಾತಾಡುವಾಗಿನ ಕಥೆ. ‘ಇಲ್ಲಿ ಯಾರಾದ್ರೂ ಇದ್ದಾರಾ’ ಅನ್ನುವುದನ್ನು ಹಾಗೇ ತಿರುಗಿಸಿ ‘ಹಿಯರ್ ಎನಿಬಡಿ ಈಸ್ ದೇರ್?’ ಅನ್ನುತ್ತೇವೆ. ‘ಈಸ್ ದೇರ್ ಎನಿವನ್ ಹಿಯರ್?’ ಅಥವಾ ಬರೀ ‘ಎನಿವನ್ ಹಿಯರ್?’ ಸಾಕು. ‘ಬೇರೆ ಯಾರೋ’ ಅನ್ನುವುದು ‘ಅದರ್ ಸಮ್‌ವನ್’ ಆಗಿಬಿಡುತ್ತದೆ. ಅದು ‘ಸಮ್‌ವನ್ ಎಲ್ಸ್’. ಈ ‘ಎಲ್ಸ್’ ಯಾವತ್ತೂ ಸರ್ವನಾಮ ಆದಮೇಲೆಯೇ ಬರುತ್ತದೆ: ‘ವಾಟ್ ಎಲ್ಸ್’, ‘ನೋಬಡಿ ಎಲ್ಸ್’. ಬೇರೆಯವರ ಛತ್ರಿ ಅನ್ನಬೇಕಾದರೆ ‘ಸಮ್‌ವನ್ ಎಲ್ಸಸ್ ಅಂಬ್ರೆಲ್ಲಾ’. ಮಲೆನಾಡಿನವರಿಗೆ ಈ ವಾಕ್ಯ ಖಂಡಿತ ಬೇಕಾಗುತ್ತದೆ.

ಛತ್ರಿ ಅಂದಮೇಲೆ ಆಗುಂಬೆ ಬರಲೇಬೇಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನ ಬಗ್ಗೆ ಹೇಳಿದರೆ ಲಂಡನ್ನಿನವರು ತಮ್ಮ ಮಳೆಯ ಗೋಳು ನಿಲ್ಲಿಸುತ್ತಾರೆ. ‘ಎವ್ರಿವನ್ ಇನ್ ದ ವಿಲೇಜಸ್ ಅರೌಂಡ್ ಆಗುಂಬೆ ಹ್ಯಾಸ್ ಆನ್ ಅಂಬ್ರೆಲ್ಲಾ’ ಅನ್ನಿ. ಮಧ್ಯದಲ್ಲಿ ‘ವಿಲೇಜಸ್’ ಅಂತ ಬಹುವಚನ ಬಂತು ಅಂತ ‘ಹ್ಯಾವ್’ ಮಾಡಬೇಡಿ. ಕ್ರಿಯಾಪದದ ಯಜಮಾನ ‘ಎವ್ರಿವನ್’, ನಡುವಿನ ಪದಗಳು ಅದರ ಬಾಲ ಅಷ್ಟೇ.

‘ಆಫ್’ ಬಂದಾಗ ಸ್ವಲ್ಪ ಹುಷಾರು. ‘ನಮ್ಮಲ್ಲಿ ಯಾರೋ ಒಬ್ಬರು’ ಅಂದರೆ ‘ವನ್ ಆಫ್ ಅಸ್’. ‘ಸಮ್‌ವನ್ ಆಫ್ ಅಸ್’ ಅಲ್ಲ. ಆದರೆ ‘ದೋಸ್ ಆಫ್ ಅಸ್’ ಸರಿ, ತುಂಬ ಉಪಯೋಗದ್ದು ಕೂಡ. ನಮ್ಮ ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಶಿವಮೊಗ್ಗ ಆಯಿತು. ಹಳೆ ಪಾಸ್‌ಪೋರ್ಟ್, ಹಳೆ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡವರ ಕಾಗದದಲ್ಲಿ ಇನ್ನೂ ಶಿಮೊಗ ಇರುತ್ತದೆ. ಎರಡು ಕಾಗದದಲ್ಲಿ ಎರಡು ಹೆಸರು ಯಾಕೆ ಅಂತ ಯಾರಾದರೂ ಕೇಳಿದರೆ ಈ ಮಾತು ಕೈಗೆ ಬರುತ್ತದೆ: ‘ದೋಸ್ ಆಫ್ ಅಸ್ ವಿತ್ ಓಲ್ಡರ್ ಪೇಪರ್ಸ್ ಸ್ಟಿಲ್ ಹ್ಯಾವ್ ಶಿಮೊಗ ಆನ್ ದೆಮ್.’ ‘ದೋಸ್ ಆಫ್ ವಿ’ ಅನ್ನಬೇಡಿ, ‘ಆಫ್’ ಆದಮೇಲೆ ‘ಅಸ್’ ಅಥವಾ ‘ದೆಮ್’.

ಎಲ್ಲ ಸರ್ವನಾಮಕ್ಕೂ ಹೀಗೆ ಬಾಲ ಕಟ್ಟಲು ಆಗುವುದಿಲ್ಲ. ‘ವಿ ಇನ್ ಮಲೆನಾಡು’, ‘ಯು ಅಟ್ ದ ಬ್ಯಾಕ್’ ಆಗುತ್ತದೆ. ‘ಹಿ ಇನ್ ದ ಕಾರ್ನರ್’, ‘ಇಟ್ ಆನ್ ದ ಟೇಬಲ್’ ಈಗಿನ ಮಾತಿನಲ್ಲಿ ಆಗುವುದಿಲ್ಲ. ಅಂಥ ಕಡೆ ‘ದ ವನ್’ ಕಾಪಾಡುತ್ತದೆ. ‘ದ ವನ್ ಇನ್ ದ ಕಾರ್ನರ್’, ‘ದ ವನ್ ಆನ್ ದ ಟೇಬಲ್’. ಸಹೋದ್ಯೋಗಿಗೆ ಜೋಗದ ಫೋಟೋ ತೋರಿಸಿ ನಾಲ್ಕು ಧಾರೆಗಳನ್ನು ಬೇರೆ ಬೇರೆ ಹೇಳಬೇಕಾದರೂ ಇದೇ: ‘ದ ವನ್ ಆನ್ ದ ಲೆಫ್ಟ್’, ‘ದ ವನ್ ನೆಕ್ಸ್ಟ್ ಟು ಇಟ್’. ರಾಜ, ರಾಣಿ, ರೋರರ್, ರಾಕೆಟ್ ಹೆಸರುಗಳನ್ನು ಆಮೇಲೆ ಕಲಿಸಿ.

‘ಯು ದೇರ್!’ ಮತ್ತು ‘ಯು ಇನ್ ದ ಬ್ಲೂ ಶರ್ಟ್!’ ವ್ಯಾಕರಣಕ್ಕೆ ಸರಿ, ಮರ್ಯಾದೆಗೆ ಅಲ್ಲ. ಮೇಷ್ಟ್ರು, ಪೊಲೀಸರು ಅನ್ನುವ ಮಾತು ಅದು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ‘ಓ ನೀಲಿ ಅಂಗಿ’ ಅಂತ ಕೂಗಿದರೆ ಯಾರೂ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ. ಇಂಗ್ಲೆಂಡಿನಲ್ಲಿ ‘ಎಕ್ಸ್‌ಕ್ಯೂಸ್ ಮಿ’ ಅನ್ನಿ, ಸಾಕು.

ಹೊರಡುವ ಮುಂಚೆ ಅಭ್ಯಾಸಕ್ಕೆ ಕೋರ್ಸ್ ಏನೂ ಬೇಡ. ತೀರ್ಥಹಳ್ಳಿ ಬಸ್ಸಿನಲ್ಲಿ ಕೂತಾಗ ಕಣ್ಣಿಗೆ ಬಿದ್ದವರನ್ನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಗುರುತಿಸಿ. ‘ದ ವನ್ ಬೈ ದ ವಿಂಡೋ’, ‘ಸಮ್‌ವನ್ ವಿತ್ ಎ ಸ್ಯಾಕ್ ಆಫ್ ಅಡಿಕೆ’, ‘ಎವ್ರಿವನ್ ನಿಯರ್ ದ ಡೋರ್’. ಮಂಡಗದ್ದೆ ಬರುವಷ್ಟರಲ್ಲಿ ನಾಲಿಗೆ ತಿರುಗುತ್ತದೆ. ಮತ್ತೆ ಯಾರದಾದರೂ ಮನೆಯಲ್ಲಿ ‘ಎನಿಥಿಂಗ್ ಟು ಡ್ರಿಂಕ್?’ ಅಂದಾಗ ಬೇಡದಿದ್ದರೆ ಬರೀ ‘ನೋ’ ಅನ್ನಬೇಡಿ, ಅದು ಒರಟು. ‘ನಥಿಂಗ್ ಫಾರ್ ಮಿ, ಥ್ಯಾಂಕ್ಸ್’ ಅನ್ನಿ. ಬೇಕಾದರೆ ಮಾತ್ರ ನಮ್ಮ ಕಡೆಯ ಹಾಗೆ ಮೊದಲ ಸಲ ಬೇಡ ಅಂದು ಎರಡನೇ ಸಲಕ್ಕೆ ಕಾಯಬೇಡಿ. ಅವರು ಎರಡನೇ ಸಲ ಕೇಳುವುದಿಲ್ಲ.