ಮಗಳ ಮನೆಗೆ ಹೊರಟಾಗ ಮಾತ್ರೆ, ಇನ್ಶೂರೆನ್ಸ್: ನನ್ನ ಅನುಭವ

ನಾನು 24 ವರ್ಷ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಹವಾಲ್ದಾರ್ ಆಗಿ ಪೆನ್ಷನ್ ಬಂದವನು. ಶುಗರ್, ಬಿಪಿ ಎರಡೂ ಇವೆ, ಹೃದಯದ ರಕ್ತನಾಳ ಮುಚ್ಚದ ಹಾಗೆ ಹಾಕಿದ ಒಂದು ಸ್ಟೆಂಟ್ ಇದೆ. ಕೋಲಾರದ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಲ್ಲಿ ತಿಂಗಳ ಮಾತ್ರೆ ತರುತ್ತೇನೆ, ದೊಡ್ಡ ತೊಂದರೆ ಬಂದರೆ ರೆಫರಲ್ ಹಿಡಿದು ಬೆಂಗಳೂರಿಗೆ ಹೋಗುತ್ತೇನೆ. 2003ರಲ್ಲಿ ಈ ಯೋಜನೆ ಬಂದ ಮೇಲೆ ನಮ್ಮಂಥವರಿಗೆ ಆಸ್ಪತ್ರೆ ಖರ್ಚಿನ ಭಯ ಎಷ್ಟೋ ತಗ್ಗಿದೆ. ಮಗಳ ಬಾಣಂತನಕ್ಕೆ ಮೊದಲ ಸಲ ಅಮೆರಿಕಕ್ಕೆ ಹೊರಟಾಗಲೂ ಅದೇ ಧೈರ್ಯ, ಕಾರ್ಡ್ ಇದೆಯಲ್ಲ ಅಂತ. ಅಲ್ಲಿನ ಆಸ್ಪತ್ರೆ ಬಿಲ್ಲಿಗೆ ಅದು ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಅಂತ ಗೊತ್ತಾಗಿದ್ದು ಹೊರಡುವ ವಾರದಲ್ಲಿ. ಅವಸರದಲ್ಲಿ ಒಬ್ಬ ಏಜೆಂಟ್ ಹತ್ತಿರ ಇನ್ಶೂರೆನ್ಸ್ ಮಾಡಿಸಿದೆ. 'ಎಲ್ಲಾ ಕವರ್ ಆಗುತ್ತೆ ಸಾರ್' ಅಂದ.

ಮಾತ್ರೆಗಳಿದ್ದ ಸೂಟ್‌ಕೇಸ್ ನಮ್ಮ ವಿಮಾನದಲ್ಲಿ ಬರಲೇ ಇಲ್ಲ. ಅಂಗಿ ಜೇಬಲ್ಲಿ ಉಳಿದಿದ್ದು ಎರಡು ಸ್ಟ್ರಿಪ್, ಒಂದು ಶುಗರ್‌ದು, ಇನ್ನೊಂದು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಕ್ಲೋಪಿಡೋಗ್ರೆಲ್, ಅದರಲ್ಲಿ ಎರಡೇ ಮಾತ್ರೆ. ಸ್ಟೆಂಟ್ ಹಾಕಿ ಎಂಟು ತಿಂಗಳಷ್ಟೇ ಆಗಿತ್ತು, ಅದನ್ನು ತಪ್ಪಿಸುವ ಹಾಗೇ ಇಲ್ಲ. ಔಷಧಿ ಅಂಗಡಿಯ ಹುಡುಗಿ ಶುಗರ್ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು 'ವಿಲ್ಡಾಗ್ಲಿಪ್ಟಿನ್' ಅಂತ ಅಕ್ಷರ ಅಕ್ಷರ ಓದಿ ಕಂಪ್ಯೂಟರ್ ನೋಡಿ ತಲೆಯಾಡಿಸಿದಳು. ನಮ್ಮಲ್ಲಿ ಮನೆಮನೆಯಲ್ಲಿರೋ ಆ ಔಷಧಿಗೆ ಅಮೆರಿಕದಲ್ಲಿ ಅನುಮತಿಯೇ ಇಲ್ಲ. ಉಳಿದವಕ್ಕೂ ಅಲ್ಲಿನ ಡಾಕ್ಟರ ಚೀಟಿ ಬೇಕು. ಅಳಿಯ ಅರ್ಜೆಂಟ್ ಕೇರ್‌ಗೆ, ಅಂದರೆ ಮೊದಲೇ ಸಮಯ ಗೊತ್ತುಮಾಡದೆ ಹೋಗಬಹುದಾದ ಕ್ಲಿನಿಕ್‌ಗೆ, ಕರೆದೊಯ್ದ. ಡಾಕ್ಟರು ಕ್ಲೋಪಿಡೋಗ್ರೆಲ್ ಹೆಸರು ನೋಡಿದ ತಕ್ಷಣ ಬರೆದುಕೊಟ್ಟರು, ಶುಗರ್‌ಗೆ ಬೇರೆ ಮಾತ್ರೆ ಕೊಟ್ಟರು. ಆಮೇಲೆ ಇನ್ಶೂರೆನ್ಸ್‌ನವರು, ಇದು ಮೊದಲೇ ಇದ್ದ ಕಾಯಿಲೆ ಅಂತ ಕ್ಲೇಮ್ ತಿರಸ್ಕರಿಸಿದರು. ದುಡ್ಡು ಕಟ್ಟಿದ್ದು ಅಳಿಯ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಸಲ ಒಂದು ತಿಂಗಳು ಮೊದಲೇ ಟಿಕೆಟ್, ವೀಸಾ ಪ್ರತಿ ಹಿಡಿದು ಪಾಲಿಕ್ಲಿನಿಕ್‌ಗೆ ಹೋದೆ. ಡಾಕ್ಟರಮ್ಮ ಸಮಾಧಾನದಿಂದ ಕೂತು ಕಾಯಿಲೆ, ಸ್ಟೆಂಟ್ ಹಾಕಿದ ದಿನ, ಪ್ರತಿ ಮಾತ್ರೆಯ ಮೂಲ ಹೆಸರು, ಪ್ರಮಾಣ ಎಲ್ಲ ಇಂಗ್ಲಿಷ್‌ನಲ್ಲಿ ಬರೆದು ಸೀಲ್ ಹಾಕಿಕೊಟ್ಟರು. ಕಂಪನಿ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಮೂಲ ಹೆಸರೇ ಬೇಕು. ಅವರು ಕೊಟ್ಟಷ್ಟು ಮಾತ್ರೆಗೆ ಉಳಿದದ್ದನ್ನು ಕೊಂಡು ಸೇರಿಸಿ 90 ದಿನಕ್ಕೆ ಹೊಂದಿಸಿದೆ. ಸ್ಟ್ರಿಪ್ ಬಿಡಿಸದೆ, ಎಲ್ಲವೂ ಕೈಚೀಲದಲ್ಲೇ. ಹಳೆ ಇಸಿಜಿಯೂ ಜೊತೆಗೆ.

ಇನ್ಶೂರೆನ್ಸ್ ಪಾಲಿಸಿಯನ್ನು ಈ ಸಲ ಮಗಳೇ ಓದಿದಳು. ಹಳೆ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿದರೆ ಮಾತ್ರ ಹಣ ಕೊಡುವ ಪಾಲಿಸಿಗಳೇ ಹೆಚ್ಚು, ಮಾಮೂಲಿ ತಪಾಸಣೆಗೆ ಕೊಡುವುದಿಲ್ಲ. 70 ದಾಟಿದವರಿಗೆ ಅದನ್ನೂ ಮೊಟಕು ಮಾಡಿರುತ್ತಾರೆ. ಒಂದು ಭೇಟಿಗೆ ಇಷ್ಟೇ ಅಂತ ಮಿತಿ ಹಾಕುವ ಅಗ್ಗದ ಪಾಲಿಸಿ ಅಲ್ಲಿನ ಬಿಲ್ಲಿಗೆ ಯಾವ ಮೂಲೆಗೂ ಸಾಲದು. ಎದೆನೋವು ಬಂದರೆ ಮಾತ್ರ ಇದ್ಯಾವುದನ್ನೂ ಯೋಚಿಸದೆ ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ದುಡ್ಡಿಲ್ಲ ಅಂತ ಎಮರ್ಜೆನ್ಸಿಯಲ್ಲಿ ವಾಪಸ್ ಕಳಿಸುವಂತಿಲ್ಲ, 1986ರ ಕಾನೂನಿದೆ. ಬಿಲ್ ಆಮೇಲೆ ಬರುತ್ತೆ, ಬರಲಿ.

ಪಾರ್ಕಿನಲ್ಲಿ ವಿಯೆಟ್ನಾಂ ಯುದ್ಧ ಕಂಡ ಅಮೆರಿಕದ ಹಿರಿಯರೊಬ್ಬರು ಪರಿಚಯವಾದರು. ಸೇವೆಯಿಂದಲೇ ಬಂದ ಕಾಯಿಲೆಗೆ ಹೊರದೇಶದಲ್ಲಿ ಚಿಕಿತ್ಸೆ ಪಡೆದರೂ ಅವರ ಸರ್ಕಾರ ಖರ್ಚು ಕೊಡುತ್ತದಂತೆ. ನಮ್ಮಲ್ಲೂ ತುರ್ತು ಚಿಕಿತ್ಸೆಗೆ ಇಲ್ಲಿನ ದರದಲ್ಲಾದರೂ ಹಣ ವಾಪಸ್ ಕೊಡಬೇಕು ಅಂತ ನನ್ನ ಆಸೆ. ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತಿದ್ದೇನೆ.

ಬಂಗಾರಪೇಟೆಯ ನನ್ನ ಹಳೆ ಜೊತೆಗಾರ ಮುಂದಿನ ತಿಂಗಳು ಮಗನ ಮನೆಗೆ ಹೊರಟಿದ್ದಾನೆ. ಮೊನ್ನೆ ಭಾನುವಾರ ಅವನ ಸ್ಟ್ರಿಪ್‌ಗಳನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು, ಒಂದೊಂದರ ಮೂಲ ಹೆಸರು ಬರೆದುಕೊಂಡೆವು. ಹನ್ನೊಂದಿದ್ದವು.