ಕೆಳಮನೆ ಭೋಗ್ಯಕ್ಕೆ, ಮೇಲ್ಮನೆ ಬಾಡಿಗೆಗೆ: ಮೊದಲು ಒಂದು ಭಾಗಾಕಾರ ಮಾಡಿ

ಎರಡಂತಸ್ತಿನ ಹಳೆಯ ಮನೆ ಖರೀದಿಸುವುದು, ಕೆಳಗಿನದನ್ನು ಭೋಗ್ಯಕ್ಕೆ (ತಿಂಗಳ ಬಾಡಿಗೆಯ ಬದಲು ಒಮ್ಮೆಗೇ ಗಂಟು ಪಡೆದು, ಅವಧಿ ಮುಗಿದಾಗ ಹಿಂದಿರುಗಿಸುವ ಕರಾರು) ಕೊಟ್ಟು ಬಂದ ಹಣದಿಂದ ಬ್ಯಾಂಕಿನ ಸಾಲ ಇಳಿಸುವುದು, ಮೇಲಿನದರ ಬಾಡಿಗೆಯಿಂದ ಕಂತು ಕಟ್ಟುವುದು. ಹುಬ್ಬಳ್ಳಿ-ಧಾರವಾಡದ ನೌಕರದಾರರ ನಡುವೆ ಬಹಳ ದಿನಗಳಿಂದ ಓಡಾಡುತ್ತಿರುವ ಸೂತ್ರ ಇದು. ಕೇಳಲು ಚೆಂದ. ನಾನೂ ಕೇಳಿ ಮರುಳಾಗಿದ್ದೆ.

ಮೊದಲ ಹೆಜ್ಜೆ: ಹತ್ತು ತಿಂಗಳ ವರ್ಷ

ಬಾಡಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಹತ್ತೇ ತಿಂಗಳು ಎಂದಿಟ್ಟುಕೊಳ್ಳಿ. ಉಳಿದೆರಡು ತಿಂಗಳು ಮನೆ ಖಾಲಿ ಬೀಳುವುದಕ್ಕೆ, ಸುಣ್ಣಬಣ್ಣಕ್ಕೆ, ನಲ್ಲಿ ರಿಪೇರಿಗೆ ಹೋಗುತ್ತವೆ.

ಉದಾಹರಣೆಗೆ 36 ಲಕ್ಷ ರೂಪಾಯಿಯ ಮನೆ, 28 ಲಕ್ಷ ಸಾಲ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 24,300 ರೂಪಾಯಿ, ವರ್ಷಕ್ಕೆ 2.92 ಲಕ್ಷ. ಎರಡೂ ಅಂತಸ್ತಿಗೆ ತಲಾ 8,000 ಬಾಡಿಗೆ ಬಂದರೆ ಹತ್ತು ತಿಂಗಳಿಗೆ 1.60 ಲಕ್ಷ. ಕೊರತೆಯ 1.32 ಲಕ್ಷ, ಅಂದರೆ ತಿಂಗಳಿಗೆ 11,000, ನಿಮ್ಮ ಸಂಬಳದಿಂದಲೇ ಹೋಗಬೇಕು. ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು ಬ್ಯಾಂಕು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವುದಿಲ್ಲ. ಆ ಹಣವೂ ಕೈಯಲ್ಲಿರಬೇಕು. ಇದು ಆಗದ ಮಾತಾದರೆ ಲೇಖನ ಇಲ್ಲಿಗೇ ಬಿಡಬಹುದು.

ಎರಡನೆಯದು: ಭೋಗ್ಯದ ಬಡ್ಡಿ

ಭೋಗ್ಯಕ್ಕೆ ಬಡ್ಡಿಯಿಲ್ಲ ಎನ್ನುವವರೇ ಹೆಚ್ಚು. ಇದೆ, ಅದನ್ನು ಬಾಡಿಗೆಯ ರೂಪದಲ್ಲಿ ತೆರುತ್ತೇವೆ. ಕೆಳಮನೆಯನ್ನು ಐದು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟರೆ ವರ್ಷಕ್ಕೆ 80,000 ರೂಪಾಯಿ ಬಾಡಿಗೆ ಬಿಟ್ಟುಕೊಟ್ಟಂತೆ. 80,000ವನ್ನು ಐದು ಲಕ್ಷದಿಂದ ಭಾಗಿಸಿ: ಶೇ 16. ಬ್ಯಾಂಕಿನ ಶೇ 8.5ರ ಸಾಲ ತೀರಿಸಲು ಶೇ 16ರ ಸಾಲ ತಂದ ಹಾಗಾಯಿತು. ಆ ಐದು ಲಕ್ಷವನ್ನು ಬ್ಯಾಂಕಿಗೆ ಕಟ್ಟಿದರೆ ಕಂತು ಇಳಿಯುವುದು ತಿಂಗಳಿಗೆ 4,340 ರೂಪಾಯಿ ಮಾತ್ರ. ಬ್ಯಾಂಕಿನ ಶೇ 8.5ರ ಬಡ್ಡಿಗೆ ಭೋಗ್ಯ ಸಮಸಮವಾಗಬೇಕಾದರೆ ಸುಮಾರು ಒಂಬತ್ತೂವರೆ ಲಕ್ಷ ಕೊಡುವವರು ಬೇಕು.

ಹಾಗಾದರೆ ಭೋಗ್ಯ ಯಾವಾಗ ಸರಿ? ಕೈಗಡ, ಖಾಸಗಿ ಬಡ್ಡಿಯಂಥ ದುಬಾರಿ ಸಾಲ ತೀರಿಸಬೇಕಾದಾಗ. ಇಲ್ಲವೇ ಬಾಡಿಗೆ ಕಡಿಮೆ, ಭೋಗ್ಯದ ಮೊತ್ತ ಹೆಚ್ಚು ಇರುವ ಓಣಿಯಲ್ಲಿ. ನಾನು ಈ ಭಾಗಾಕಾರ ಮಾಡದೆ ಹಣ ಪಡೆದು ಬಚ್ಚಲುಮನೆಗೆ ಟೈಲ್ಸ್ ಹಾಕಿಸಿದ್ದೆ. ಮೂರು ವರ್ಷದ ನಂತರ ಹಿಂದಿರುಗಿಸುವ ದಿನ ಬಂದಾಗ ಹೊಸ ಭೋಗ್ಯದಾರರು ಸಿಗಲಿಲ್ಲ. ಹೆಂಡತಿಯ ಬಂಗಾರ ಅಡವಿಗೆ ಹೋಯಿತು. ಟೈಲ್ಸ್ ಮಾತ್ರ ಈಗಲೂ ಹೊಳೆಯುತ್ತಿವೆ.

ಭೋಗ್ಯ ಮಾಡುವುದೇ ಆದರೆ ಮೂರು ಮಾತು ನೆನಪಿರಲಿ. ಮನೆ ಬ್ಯಾಂಕಿಗೆ ಅಡವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರನ್ನು ನೋಂದಣಿ ಮಾಡಿಸಲೇಬೇಕು; ಹನ್ನೊಂದು ತಿಂಗಳ ಬಾಡಿಗೆ ಕರಾರು ರೂಢಿಗೆ ಬಂದದ್ದೇ ಇದನ್ನು ತಪ್ಪಿಸಲು. ಹಣ ಬ್ಯಾಂಕ್ ಖಾತೆಯ ಮೂಲಕವೇ ಬರಲಿ. ಸಾಲ ಅಥವಾ ಠೇವಣಿಯನ್ನು 20,000 ರೂಪಾಯಿ ಅಥವಾ ಹೆಚ್ಚು ನಗದಾಗಿ ಪಡೆದರೆ ಆದಾಯ ತೆರಿಗೆ ಕಾನೂನಿನಡಿ ಅಷ್ಟೇ ಮೊತ್ತದ ದಂಡ ಬೀಳಬಹುದು.

ಸಣ್ಣಪುಟ್ಟ ದುರಸ್ತಿಗೆ ಪತ್ತಿನ ಸಹಕಾರಿ ಸಂಘದ ಸಾಲ ಸಾಕು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಹುಟ್ಟಿದ ಸೀಮೆ ನಮ್ಮದು. ಆದರೆ ಸಂಘದ ಸಾಲದ ಬೋಜಾ (ಸಾಲದ ಹೊರೆಯ ನಮೂದು) ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಏರಿದ್ದರೆ, ಸಾಲ ತೀರಿದ ಮೇಲೆ ಬೋಜಾ ಕಮಿ ಮಾಡಿಸುವುದನ್ನು ಮರೆಯಬೇಡಿ.

ಮೂರನೆಯದು: ಕಾಗದ, ಮಳೆ

ಸಂಚಕಾರ (ಮುಂಗಡ ಹಣ) ಕೊಡುವ ಮೊದಲು ಸಿಟಿ ಸರ್ವೆ ಉತಾರ, ಇ-ಖಾತಾ, ಋಣಭಾರ ಪತ್ರ ನೋಡಿ, ವಕೀಲರಿಗೂ ತೋರಿಸಿ. ಮನೆಯನ್ನು ಜುಲೈನಲ್ಲಿ ನೋಡುವುದು ಒಳ್ಳೆಯದು. ಧಾರವಾಡದ ಜಿಟಿಜಿಟಿ ಮಳೆ ದಲಾಲಿ ಹೇಳದ್ದನ್ನೆಲ್ಲ ಗೋಡೆಯ ಮೇಲೆ ಬರೆದು ತೋರಿಸುತ್ತದೆ. ನೀರು ಯಾವ ದಿನ, ಎಷ್ಟು ಹೊತ್ತು ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ.

ಕೊನೆಯದು: ಬಾಡಿಗೆದಾರರು

ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾ ಪರೀಕ್ಷೆಯ ಅಭ್ಯರ್ಥಿಗಳು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಾಲೇಜಿನವರು, ಸತ್ತೂರಿನ ಕಡೆ ಆಸ್ಪತ್ರೆಯ ಸಿಬ್ಬಂದಿ. ವಿದ್ಯಾರ್ಥಿಗಳಿಗೆ ಕೊಟ್ಟರೆ ಬಾಡಿಗೆ ಹೆಚ್ಚು, ಸವಕಳಿಯೂ ಹೆಚ್ಚು. ಎರಡು ಸಾವಿರ ಕಡಿಮೆ ಬಂದರೂ ನಾನು ಸಂಸಾರಸ್ಥರನ್ನೇ ಆರಿಸುತ್ತೇನೆ; ನಿಮ್ಮ ಲೆಕ್ಕ ಬೇರೆ ಇರಬಹುದು.

ಪ್ರತಿ ಅಂತಸ್ತಿಗೂ ಹೆಸ್ಕಾಂನ ಬೇರೆ ಮೀಟರ್ ಹಾಕಿಸಿ. ಒಂದೇ ಮೀಟರ್ ಇದ್ದರೆ ಎರಡು ಸಂಸಾರಗಳ ಬಳಕೆ ಸೇರಿ 200 ಯೂನಿಟ್ ದಾಟಬಹುದು; ದಾಟಿದರೆ ಗೃಹಜ್ಯೋತಿಯ ಉಚಿತ ವಿದ್ಯುತ್ ತಪ್ಪುತ್ತದೆ, ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ತೆರಿಗೆಯಲ್ಲಿ ಪಾಲಿಕೆಗೆ ಕಟ್ಟಿದ ಕರ ಕಳೆದು, ಉಳಿದ ಬಾಡಿಗೆಯ ಶೇ 30ರಷ್ಟು ನೇರ ಕಡಿತವಿದೆ. ಸಾಲದ ಬಡ್ಡಿಯನ್ನೂ ಕಳೆಯಬಹುದು. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರು ಇದರಲ್ಲಿನ ನಷ್ಟವನ್ನು ಸಂಬಳದ ಆದಾಯದಲ್ಲಿ ಕಳೆಯಲಾಗದು.

ಬೀಗದ ಕೈ ಕೊಡುವ ದಿನ ಮೀಟರ್ ಅಂಕಿ, ಗೋಡೆ, ಸಿಂಕು, ಬಾಗಿಲುಗಳ ಫೋಟೊ ತೆಗೆದು ಬಾಡಿಗೆದಾರರಿಗೂ ಕಳುಹಿಸಿ. ಬಣ್ಣಕ್ಕೆಂದು ಡಿಪಾಜಿಟ್‌ನಲ್ಲಿ ಎಷ್ಟು ಹಿಡಿಯುತ್ತೀರಿ ಎಂಬುದನ್ನು ಕರಾರಿನಲ್ಲೇ ಅಂಕಿಯಲ್ಲಿ ಬರೆಯಿರಿ. ಡಿಪಾಜಿಟ್ ಬೇರೆ ಖಾತೆಯಲ್ಲಿರಲಿ, ಟೈಲ್ಸ್‌ನ ಅಂಗಡಿಗೆ ದೂರವಿರುವ ಖಾತೆಯಲ್ಲಿ.